ಬೋರಲು ಮಲಗಿದ ತೆಪ್ಪ

1/9

ಮೊದಲನೇ ಫೋಟೋ ಸ್ವಲ್ಪ ದೊಡ್ಡದು ಮಾಡಿ ನೋಡಿ. ಕೊಪ್ಪದ ಹತ್ತಿರ ಕಾವೇರಿ ದಂಡೆ. ಚಿಕ್ಕಮಗಳೂರಿನ ಕೊಪ್ಪ ಅಲ್ಲ, ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ. ಮೈಸೂರಿಂದ ಮಡಿಕೇರಿಗೆ ಹೋಗೋ ದಾರೀಲಿ ಮೈಸೂರು ಜಿಲ್ಲೆ ಇಲ್ಲಿಗೆ ಮುಗಿಯುತ್ತೆ. ಸೇತುವೆ ದಾಟಿದ್ರೆ ಕುಶಾಲನಗರ, ಅಂದ್ರೆ ಕೊಡಗು.

ಫೋಟೋದಲ್ಲಿ ಮರದ ಬುಡದಲ್ಲಿ ಕರ್ರಗೆ, ದುಂಡಗೆ, ದೊಡ್ಡ ಆಮೆ ಥರ ಬೋರಲು ಬಿದ್ದಿದೆಯಲ್ಲ, ಅದು ತೆಪ್ಪ. ಪುಸ್ತಕದಲ್ಲಿ ಹರಿಗೋಲು ಅಂತಾರೆ. ನೋಡಿದ ತಕ್ಷಣ ನಿಮಗೆ ಏನನ್ನಿಸ್ತು? ಹಾಳಾಗಿದೆ, ಯಾರೋ ಬಿಸಾಕಿ ಹೋಗಿದ್ದಾರೆ ಅಂತ ತಾನೆ?

ಇಲ್ಲ. ಅದು ಒಣಗ್ತಾ ಇದೆ. ಒಣಗೋದೂ ತೆಪ್ಪದ ಕೆಲಸವೇ.

ದೋಣಿಯ ಇತಿಹಾಸ ಅಂದ್ರೆ ನಾವು ಯಾವಾಗಲೂ ನೀರಿನ ಮೇಲಿನ ಕಥೆ ಹೇಳ್ತೀವಿ. ಯಾರು ದಾಟಿದರು, ಎಲ್ಲಿಗೆ ಹೋದರು, ಯಾವ ಯುದ್ಧ ಗೆದ್ದರು. ಈ ಸರಣಿಯಲ್ಲಿ ದಂಡೆ ಮೇಲಿನ ಕಥೆ ಹೇಳ್ತೀನಿ. ದೋಣಿ ಕೆಲಸ ಮಾಡದೆ ಮಲಗಿರೋ ಕಾಲದ ಕಥೆ.

2/9

ಮೊದಲು ತೆಪ್ಪದ ಒಂದು ವರ್ಷ ಹೇಗಿರುತ್ತೆ ತಿಳ್ಕೊಳ್ಳಿ.

ತೆಪ್ಪ ಅಂದ್ರೆ ಬಿದಿರಿನ ದೊಡ್ಡ ಬುಟ್ಟಿ. ಸೀಳಿದ ಬಿದಿರನ್ನ ಅಡ್ಡಡ್ಡ, ಉದ್ದುದ್ದ ಹೆಣೆದು, ಅಂಚು ಮೇಲಕ್ಕೆ ಬಗ್ಗಿಸಿ, ಬಾಯಿ ಸುತ್ತ ಗಟ್ಟಿಯಾಗಿ ಕಟ್ಟಿರ್ತಾರೆ. ಹಿಂದೆ ಹೊರಗಡೆ ದನದ ಅಥವಾ ಎಮ್ಮೆಯ ಚರ್ಮ ಹೊಲಿದು ಹೊದಿಸ್ತಿದ್ರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಮೊಳೆ ಬೇಡ, ಹಲಗೆ ಬೇಡ. ತಳದಲ್ಲಿ ಮಧ್ಯದ ದಿಂಡು ಇಲ್ಲದ್ದರಿಂದ ಬಂಡೆ ಮೇಲೆ ಒಂದು ಗೇಣು ನೀರಿದ್ರೂ ಜಾರಿಕೊಂಡು ಹೋಗುತ್ತೆ. ಬಂಡೆ ತುಂಬಿದ ನಮ್ಮ ಕಾವೇರಿ, ಕಪಿಲೆ, ಲಕ್ಷ್ಮಣತೀರ್ಥಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಆದ್ರೆ ಬಿದಿರಿಗೂ ಚರ್ಮಕ್ಕೂ ಒಂದೇ ಶತ್ರು: ಸದಾ ನೀರಲ್ಲೇ ಇರೋದು. ಚರ್ಮ ನೆನೆದು ಕೊಳೆಯುತ್ತೆ, ಬಿದಿರು ಮೆತ್ತಗಾಗುತ್ತೆ. ಅದಕ್ಕೇ ಸಂಜೆ ಆದ್ರೆ ತೆಪ್ಪವನ್ನ ಮೇಲಕ್ಕೆ ಎಳೆದು ಬೋರಲು ಹಾಕಬೇಕು. ಇದು ದಿನದ ಬಿಡುವು.

ವರ್ಷದ ಬಿಡುವು ಬೇಸಿಗೆ. ಹೊಳೆ ಸಣ್ಣಗಾಗಿ ಜನ ಪಂಚೆ ಎತ್ತಿ ಕಟ್ಟಿ ನಡೆದೇ ದಾಟುವಾಗ ಅಂಬಿಗನನ್ನ ಯಾರು ಕೇಳ್ತಾರೆ? ಆಗಲೇ ರಿಪೇರಿ ಕಾಲ. ಬಿದಿರು ಕಡಿಯೋದೂ ಒಣ ದಿನಗಳಲ್ಲೇ, ಅದೂ ಅಮಾವಾಸ್ಯೆ ಕಡೆಗಿನ ಹದಿನೈದು ದಿನದಲ್ಲಿ ಕಡಿದ್ರೆ ಹುಳ ಹಿಡಿಯಲ್ಲ ಅನ್ನೋದು ಹಳ್ಳಿ ಲೆಕ್ಕ. ಬಿದಿರಲ್ಲಿ ಸಿಹಿ, ಪಿಷ್ಟ ಜಾಸ್ತಿ ಇದ್ರೆ ಹುಳ ಬೇಗ ಬೀಳುತ್ತೆ.

ಕೊಪ್ಪದಲ್ಲಿ ಬಿಸಿಲಿದ್ರೂ ತಲಕಾವೇರಿ ಕಡೆ ಮಳೆ ಹೊಡೆದ್ರೆ ಸಾಕು, ಹೊಳೆ ಕೆಂಪಗೆ ಏರುತ್ತೆ. ಆ ಹೊತ್ತಿಗೆ ತೆಪ್ಪ ಸಿದ್ಧವಾಗಿರಬೇಕು. ಸಿದ್ಧವಿಲ್ಲ ಅಂದ್ರೆ ಎರಡು ದಂಡೆಯ ಊರುಗಳು ಬೇರೆ ಬೇರೆ ದೇಶ ಆಗಿಬಿಡ್ತಿದ್ವು. ಆಚೆ ದಂಡೆಗೆ ಕೊಟ್ಟ ಮಗಳನ್ನ ನೋಡೋಕೆ ಆಗಲ್ಲ, ಸಂತೆ ಇಲ್ಲ, ಸೂಲಗಿತ್ತಿ ಬರಲ್ಲ.

3/9

ಈ ಬುಟ್ಟಿ ದೋಣಿ ಎಷ್ಟು ಹಳೇದು?

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪೇಸ್, ಆನೆಗೊಂದಿ ಕಡೆ ತುಂಗಭದ್ರೆ ದಾಟುವವರನ್ನ ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿ ಥರ ದುಂಡು ದೋಣಿ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತೆ, ಬೇಕಾದ್ರೆ ಕುದುರೆ, ಎತ್ತನ್ನೂ ಸಾಗಿಸ್ತಾರೆ, ಆದ್ರೆ ನೆಟ್ಟಗೆ ಹೋಗಲ್ಲ, ಸುತ್ತುತ್ತಲೇ ಇರುತ್ತೆ ಅಂತ. ಈ ರಾಜ್ಯದ ಹೊಳೆಗಳಲ್ಲೆಲ್ಲ ಇದನ್ನ ಬಿಟ್ಟು ಬೇರೆ ದೋಣಿಯೇ ಇಲ್ಲ ಅಂತಲೂ ಸೇರಿಸಿದ್ದಾನೆ. ಇವತ್ತು ಹಂಪಿಗೆ ಹೋಗಿ ತೆಪ್ಪ ಹತ್ತಿದ್ರೆ ನೀವೂ ಐನೂರು ವರ್ಷದ ಹಿಂದಿನ ಅದೇ ಸುತ್ತು ಸುತ್ತುತ್ತೀರಿ.

ಅದಕ್ಕೂ ನಾನೂರು ವರ್ಷ ಹಿಂದಕ್ಕೆ ಹೋದ್ರೆ ಅಂಬಿಗರ ಚೌಡಯ್ಯ ಸಿಗ್ತಾರೆ. 12ನೇ ಶತಮಾನದ ಶರಣರು, ಹೆಸರಲ್ಲೇ ಕಸುಬು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆ ದಂಡೆಯ ಚೌಡದಾನಪುರಕ್ಕೂ ಅವರಿಗೂ ನಂಟು.

ಪೇಸ್ ನೋಡಿದ್ದು ನೀರಿನ ಮೇಲಿದ್ದ ತೆಪ್ಪವನ್ನ. ಬೇಸಿಗೆಯಲ್ಲಿ ಬಿದಿರು ಸೀಳಿದವರು, ಚರ್ಮ ಹದ ಮಾಡಿದವರು, ಹೊಲಿದವರು ಆ ಬರಹದಲ್ಲಿಲ್ಲ. ಮೇದರು, ಚರ್ಮದ ಕೆಲಸದವರು, ಅಂಬಿಗರು, ಇವರ ಕೈ ಸೇರಿದ್ರೇನೇ ಒಂದು ತೆಪ್ಪ. ಚರ್ಮ ಹದ ಮಾಡಿದವರನ್ನ ಅದೇ ತೆಪ್ಪದಲ್ಲಿ ಬೇರೆಯವರ ಪಕ್ಕ ಕೂರಿಸ್ತಿದ್ರಾ ಅನ್ನೋ ಪ್ರಶ್ನೆಯನ್ನೂ ನೀವು ಕೇಳ್ಕೊಬೇಕು.

4/9

ಈಗ ಸ್ವಲ್ಪ ಸಮುದ್ರದ ಕಡೆ ಹೋಗೋಣ. ಯಾಕಂದ್ರೆ ಒಣಗಿಸೋ ವಿದ್ಯೆಯನ್ನ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಕೊಂಡೊಯ್ದ ದೋಣಿ ಒಂದಿದೆ.

‘ಕಟಮರಾನ್’ ಅನ್ನೋ ಪದ ಕೇಳಿರ್ತೀರಿ. ಎರಡು ಒಡಲಿನ ಹಾಯಿದೋಣಿ, ವಿದೇಶಿ ಶೋಕಿ ಅಂದುಕೊಂಡಿರ್ತೀರಿ. ಅದು ತಮಿಳಿನ ‘ಕಟ್ಟುಮರಂ’. ಕನ್ನಡದವರಿಗೆ ಅರ್ಥ ಹೇಳಬೇಕಾ? ಕಟ್ಟು, ಮರ. ಹಗುರವಾದ ಮರದ ದಿಮ್ಮಿಗಳನ್ನ ಹಗ್ಗದಿಂದ ಬಿಗಿದ ತೇಲುದೋಣಿ. ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಕೋರಮಂಡಲ ತೀರದ ಈ ಹೆಸರನ್ನ ಬರೆದ. ಆಮೇಲೆ ಹೆಸರು ಒಂದು ಕಡೆ, ದೋಣಿ ಇನ್ನೊಂದು ಕಡೆ ಆಯ್ತು. ಪೆಸಿಫಿಕ್ ದ್ವೀಪಗಳ ಜೋಡಿ ದೋಣಿಗಳಿಗೂ ಯುರೋಪಿನವರು ಇದೇ ಹೆಸರಿಟ್ಟರು. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ ‘ಅಮರಿಲಿಸ್’ ಅನ್ನೋ ಜೋಡಿ ಒಡಲಿನ ಹಾಯಿದೋಣಿ ಕಟ್ಟಿ ನ್ಯೂಯಾರ್ಕಿನ ಪಂದ್ಯದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ. ಸೋತವರು ತಕರಾರು ತೆಗೆದರು, ಗೆಲುವು ರದ್ದಾಯಿತು.

ನಾನು ಹೇಳಬೇಕಾಗಿದ್ದು ಮೂಲ ಕಟ್ಟುಮರದ ಬಗ್ಗೆ. ಮೀನು ಹಿಡಿದು ದಡಕ್ಕೆ ಬಂದ ಮೇಲೆ ಅದನ್ನ ಬಿಚ್ಚಿಬಿಡ್ತಾರೆ! ಹಗ್ಗ ಸಡಿಲಿಸಿ, ದಿಮ್ಮಿಗಳನ್ನ ಬೇರೆ ಬೇರೆ ಮಾಡಿ ಮರಳಲ್ಲಿ ಒಣಗೋಕೆ ಬಿಡ್ತಾರೆ. ಮೆತ್ತನೆ ಮರ ನೀರು ಕುಡಿದು ಭಾರವಾದ್ರೆ ತೇಲಲ್ಲ, ಅದಕ್ಕೆ. ಮತ್ತೆ ಹೊರಡುವಾಗ ಮತ್ತೆ ಕಟ್ಟು.

ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟೋ ದೇಶಗಳ ಹವ್ಯಾಸಿಗಳು ಇವತ್ತು ಮಾಡೋದೂ ಇದನ್ನೇ. ಹಾಯಿಕಂಬ ಇಳಿಸಿ, ಎರಡು ಒಡಲನ್ನ ಬಿಡಿಸಿ, ಸಿಹಿನೀರಲ್ಲಿ ಉಪ್ಪು ತೊಳೆದು, ಸವೆದ ಹಗ್ಗ ಬದಲಾಯಿಸಿ, ಹಾಯಿ ಹೊಲಿದು, ವಸಂತ ಬರೋವರೆಗೂ ಕಾಯ್ತಾರೆ. ಒಡಲು ಫೈಬರ್ ಆಗಿರಬಹುದು, ಕ್ರಮ ಮಾತ್ರ ಅದೇ: ಬಿಚ್ಚು, ಒಣಗಿಸು, ನೋಡು, ಕಟ್ಟು.

5/9

ಕಟ್ಟಿ ಜೋಡಿಸೋ ಈ ವಿದ್ಯೆ ನಮ್ಮ ಕರಾವಳಿಯಲ್ಲೂ ಇತ್ತು. ಎರಡು ದೋಣಿ ಪಕ್ಕಪಕ್ಕ ಕಟ್ಟಿ, ಮೇಲೆ ಹಲಗೆ ಹಾಸಿ ಮಾಡ್ತಿದ್ದ ‘ಜಂಗಲ್’ ನಿಮ್ಮ ಅಜ್ಜ ಅಜ್ಜಿಗೆ ಗೊತ್ತಿರಬಹುದು. ನದಿಗಳಿಗೆ ಸೇತುವೆ ಆಗೋವರೆಗೂ ಕಾರು, ಸಾಮಾನು, ಜನ ಎಲ್ಲ ಅದರ ಮೇಲೇ ದಾಟಿದ್ದು. ಮಲಯಾಳದಲ್ಲಿ ಚಂಗಾಡಂ, ತುಳುವಿನಲ್ಲಿ ಜಂಗಾಲ. ಕ್ರಿ.ಶ. ಒಂದನೇ ಶತಮಾನದ ಗ್ರೀಕ್ ಬರಹ ‘ಪೆರಿಪ್ಲಸ್’, ದಕ್ಷಿಣ ಭಾರತದ ಪೂರ್ವ ತೀರದಲ್ಲಿ ಮರಗಳನ್ನ ಜೋಡಿಸಿ ಕಟ್ಟಿದ ದೊಡ್ಡ ದೋಣಿಗಳಿಗೆ ‘ಸಂಗರ’ ಅನ್ನೋ ಹೆಸರಿತ್ತು ಅಂತ ಹೇಳುತ್ತೆ. ವಿದ್ವಾಂಸರು ಈ ಪದಗಳನ್ನೆಲ್ಲ ಒಂದೇ ಮನೆಯವು ಅಂತ ಗುರುತಿಸಿದ್ದಾರೆ.

ಇನ್ನು ಕಡಲಿನ ಬಿಡುವು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ. ಮೀನು ಮೊಟ್ಟೆ ಇಡೋ ಕಾಲ, ಜೊತೆಗೆ ಮಳೆಗಾಲದ ಒರಟು ಕಡಲು. ಆಗ ಮಲ್ಪೆಗೆ ಹೋಗಿ ನೋಡಿ. ಬಣ್ಣ ಬಳಿಯೋರು, ಇಂಜಿನ್ ಬಿಚ್ಚಿದವರು, ಬಲೆ ಹರಡಿಕೊಂಡು ಕೂತವರು. ಶ್ರಾವಣದ ನೂಲು ಹುಣ್ಣಿಮೆಗೆ ಸಮುದ್ರಪೂಜೆ, ಹಾಲು, ತೆಂಗಿನಕಾಯಿ. ಬಿಡುವಿಗೆ ಒಂದು ಕಾನೂನು, ಒಂದು ಹಬ್ಬ, ಎರಡೂ ಇದೆ.

6/9

ಮತ್ತೆ ಒಳನಾಡಿಗೆ. ಮಳೆಗಾಲಕ್ಕೆ ತೆಪ್ಪ ಸಿದ್ಧವಾಗಿರಬೇಕು ಅಂದೆನಲ್ಲ, ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡ ಒಬ್ಬ ಸೈನಿಕ ಇದ್ದ. ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನ ಸೋಲಿಸಿದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಸೇನೆ ಅವನ ಕೈಯಲ್ಲಿತ್ತು. 1800ರಲ್ಲಿ ಧೋಂಡಿಯ ವಾಘ್‌ನನ್ನ ಬೆನ್ನಟ್ಟಿ ಹೊರಟಾಗ ದಾರಿಗೆ ಅಡ್ಡ ಬಂದಿದ್ದು ತುಂಬಿದ ಹೊಳೆಗಳು.

ಅದರಿಂದ ಕಲಿತ ಪಾಠ ಏನು ಗೊತ್ತಾ? ಮರಾಠರ ಮೇಲೆ ಯುದ್ಧಕ್ಕೆ ಹೋಗೋದಾದ್ರೆ ಹೊಳೆ ತುಂಬಿರೋ ಕಾಲವೇ ಒಳ್ಳೇದು, ಯಾಕಂದ್ರೆ ಅವರ ಕುದುರೆ ದಂಡು ದಾಟೋಕೆ ಆಗಲ್ಲ, ನಮ್ಮ ಹತ್ತಿರ ದೋಣಿ ಇದ್ರೆ ನಾವು ದಾಟಬಹುದು! 1803ರ ಯುದ್ಧಕ್ಕೆ ಮುಂಚೆ ಬುಟ್ಟಿ ದೋಣಿ ಮಾಡಿಸಿ ಇಡಿ ಅಂತ ಅವನು ಕಾಗದದ ಮೇಲೆ ಕಾಗದ ಬರೆದ. ಅಂಬಿಗರು ಬೇಸಿಗೆಯಲ್ಲಿ ಸದ್ದಿಲ್ಲದೆ ಮಾಡ್ತಿದ್ದ ತಯಾರಿಯನ್ನೇ ಅವನು ಯುದ್ಧತಂತ್ರ ಮಾಡ್ಕೊಂಡ.

7/9

ಈಗ ಕೊಪ್ಪಕ್ಕೆ ವಾಪಸ್. ಇಲ್ಲಿಂದ ಒಂದು ದಾರಿ ಬೈಲಕುಪ್ಪೆ ಕಡೆ ತಿರುಗುತ್ತೆ. ‘ಗೋಲ್ಡನ್ ಟೆಂಪಲ್’ ನೋಡೋಕೆ ನೀವೂ ಹೋಗಿರ್ತೀರಿ. 1960ರ ದಶಕದ ಆರಂಭದಿಂದ ಟಿಬೆಟಿನವರು ಇಲ್ಲಿ ಕಾಡು ಕಡಿದು, ಜೋಳ ಬೆಳೆದು ನೆಲೆ ನಿಂತವರು.

ಅವರ ಊರಲ್ಲೂ ಚರ್ಮದ ದೋಣಿ ಇತ್ತು! ‘ಕೊವಾ’ ಅಂತಾರೆ. ಮರದ ಕಡ್ಡಿಗಳ ಚೌಕಟ್ಟಿಗೆ ಯಾಕ್ ಚರ್ಮ ಹೊದಿಸಿದ್ದು. ನಮ್ಮದು ದುಂಡು, ಅವರದು ಚೌಕಾಕಾರ. ಪ್ರವಾಹದ ಜೊತೆ ಕೆಳಕ್ಕೆ ತೇಲಿಕೊಂಡು ಹೋಗೋದು, ಆಮೇಲೆ ದೋಣಿಯನ್ನ ಬೆನ್ನ ಮೇಲೆ ಹೊತ್ತು ದಂಡೆ ಹಿಡಿದು ವಾಪಸ್ ನಡೆಯೋದು. ಕೆಲಸ ಮುಗಿದ ಮೇಲೆ? ಬೋರಲು ಹಾಕಿ ಬಿಸಿಲಿಗೆ ಒಣಗಿಸೋದು.

1959ರ ಮಾರ್ಚ್ 17ರ ರಾತ್ರಿ ದಲೈ ಲಾಮಾ ಲಾಸಾ ಬಿಟ್ಟು ಹೊರಟಾಗ ಕೀಚು ನದಿ ದಾಟಿದ್ದು ಇಂಥ ಚರ್ಮದ ದೋಣಿಯಲ್ಲೇ. ಆ ದಾಟುವಿಕೆಯ ಇನ್ನೊಂದು ತುದಿ ಅಂದ್ರೆ ನಮ್ಮ ಕಾವೇರಿಯ ಈ ದಂಡೆ. ಚರ್ಮದ ದೋಣಿ ಬಲ್ಲ ಎರಡು ನಾಡುಗಳ ಜನ ಒಂದೇ ಬಸ್ ಸ್ಟಾಪಲ್ಲಿ ನಿಂತಿರ್ತಾರೆ, ಒಬ್ಬರಿಗೊಬ್ಬರಿಗೆ ಈ ವಿಷಯ ಗೊತ್ತಿರಲ್ಲ.

ಬಿಡುವನ್ನ ದುಡಿಸಿಕೊಳ್ಳೋದೂ ಅವರಿಗೆ ಗೊತ್ತು. ಜೋಳದ ಕೊಯ್ಲು ಮುಗಿದು ಚಳಿ ಶುರುವಾದ್ರೆ ಎಷ್ಟೋ ಮನೆಯವರು ಸ್ವೆಟರ್ ಮೂಟೆ ಕಟ್ಟಿ ಊರೂರಿಗೆ ವ್ಯಾಪಾರಕ್ಕೆ ಹೊರಡ್ತಾರೆ. ನಿಮ್ಮ ಮನೇಲಿರೋ ಉಣ್ಣೆ ಟೋಪಿ ಯಾರದೋ ಬಿಡುವಿನ ಕಾಲದ ಸಂಪಾದನೆ.

8/9

ಕೊನೇ ಫೋಟೋಗಳು ಈಗಿನವು. ಹೊಳೆ ತುಂಬ ಸೇತುವೆಗಳು. ಸ್ವಲ್ಪ ಕೆಳಗೆ ಕಣಿವೆಯಲ್ಲಿ ತೂಗುಸೇತುವೆ. ಶಾಲೆ ಮಕ್ಕಳು ಮಳೇಲೂ ದಾಟಬಹುದು. ಇದಕ್ಕಿಂತ ಒಳ್ಳೇದು ಏನಿದೆ? ತೆಪ್ಪ ಮುಳುಗಿ ಜನ ಸತ್ತ ಕಾಲವನ್ನ ಯಾರೂ ವಾಪಸ್ ಕೇಳಬಾರದು.

ಆದ್ರೆ ಒಂದು ವಿಷಯ ತಲೆಕೆಳಗಾಯ್ತು. ಹಿಂದೆ ಮಳೆಗಾಲ ತೆಪ್ಪದ ಕೆಲಸದ ಕಾಲ, ಬೇಸಿಗೆ ಬಿಡುವು. ಈಗ ತೆಪ್ಪ ಉಳಿದಿರೋದು ಹೆಚ್ಚಾಗಿ ಪ್ರವಾಸಿಗರಿಗೆ. ರಜೆ ಇರೋ ಬೇಸಿಗೆಯೇ ಸೀಸನ್, ಹೊಳೆ ತುಂಬಿದ್ರೆ ಬಂದ್. ಕೆಆರ್‌ಎಸ್‌ನಿಂದ ಜೋರಾಗಿ ನೀರು ಬಿಟ್ಟರೆ ರಂಗನತಿಟ್ಟಿನಲ್ಲೂ ದೋಣಿ ನಿಲ್ಲುತ್ತೆ. ನಿಲ್ಲಲೇಬೇಕು, ಅದು ಜೀವದ ಪ್ರಶ್ನೆ.

ಪ್ರಶ್ನೆ ಇರೋದು ಬೇರೆ ಕಡೆ: ಬಿಡುವಿನ ಕೂಲಿ ಯಾರು ಕೊಡೋದು? ಹಿಂದೆ ಹೊಳೆದಂಡೆಯ ಎಷ್ಟೋ ಹಳ್ಳಿಗಳಲ್ಲಿ ಅಂಬಿಗನಿಗೆ ಒಂದೊಂದು ದಾಟಿಗೆ ಕಾಸು ಕೊಡ್ತಿರಲಿಲ್ಲ, ಸುಗ್ಗಿಯಲ್ಲಿ ಮನೆಗಿಷ್ಟು ಅಂತ ಕಾಳು ಅಳೀತಿದ್ರು. ಆ ಕಾಳಲ್ಲಿ ಬೇಸಿಗೆಯ ರಿಪೇರಿಯೂ ಸೇರಿತ್ತು, ಪ್ರವಾಹದ ದಿನ ಸುಮ್ಮನೆ ಕೂತದ್ದೂ ಸೇರಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಇತ್ತು, ಕೊಡೋರ ಜಬರ್ದಸ್ತಿಯೂ ಇತ್ತು, ಅದನ್ನ ಹೊಗಳಲ್ಲ. ಆದ್ರೆ ಒಂದು ಲೆಕ್ಕ ಅವರಿಗೆ ಗೊತ್ತಿತ್ತು: ಬೋರಲು ಮಲಗಿದ ತೆಪ್ಪಕ್ಕೂ ಖರ್ಚಿದೆ. ಈಗ ಟಿಕೆಟ್ ಲೆಕ್ಕದಲ್ಲಿ ಹುಟ್ಟು ಹಾಕೋರಿಗೆ ಟಿಕೆಟ್ ಇಲ್ಲದ ದಿನ ಕೂಲಿಯೂ ಇಲ್ಲ. ಕೂಲಿ ಇಲ್ಲದ ಬಿಡುವಲ್ಲಿ ಬಿದಿರು ಹೆಣೆಯೋದು ಕಲಿಸೋಕೆ ಯಾರಿಗೆ ಆಗುತ್ತೆ? ಮಗ ಬೆಂಗಳೂರಿಗೆ ಹೋಗ್ತಾನೆ, ದಂಡೆಗೆ ಫೈಬರ್ ತೆಪ್ಪ ಬರುತ್ತೆ.

9/9

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತ ಗಾದೆ ಇದೆ. ನಾವು ಅದನ್ನ ಕೃತಘ್ನರನ್ನ ಬಯ್ಯೋಕೆ ಬಳಸ್ತೀವಿ. ಸೇತುವೆ ಬಂದ ಮೇಲೆ ನಾವೆಲ್ಲರೂ ಹೊಳೆ ದಾಟಿದವರೇ.

ಮುಂದಿನ ಸಲ ಯಾವುದಾದರೂ ದಂಡೆಯಲ್ಲಿ ಬೋರಲು ಬಿದ್ದ ತೆಪ್ಪ ಕಂಡ್ರೆ ಅದರ ಮೇಲೆ ಹತ್ತಿ ಸೆಲ್ಫಿ ತಗೋಬೇಡಿ, ಒಳಗಿನ ಬಿದಿರು ಮುರಿಯುತ್ತೆ. ಅಲ್ಲೇ ಯಾರಾದ್ರೂ ಕೂತಿದ್ರೆ ಕೇಳಿ: ‘ಅಣ್ಣ, ಇದನ್ನ ಯಾರು ಹೆಣೆದಿದ್ದು? ಬಿದಿರು ಎಲ್ಲಿಂದ ತಂದ್ರಿ?’ ಅವರು ಹೇಳಿದ್ದನ್ನ ಬರೆದಿಟ್ಟುಕೊಳ್ಳಿ. ಸಾಧ್ಯ ಆದ್ರೆ ಸೀಸನ್ ಅಲ್ಲದ ದಿನವೇ ಹೋಗಿ ಕೇಳಿ. ಆಗ ಅವರಿಗೂ ಪುರುಸೊತ್ತಿರುತ್ತೆ.

ನಿಮ್ಮೂರ ಹೊಳೇಲಿ ತೆಪ್ಪ ಹಾಕ್ತಿದ್ದವರು ಇದ್ರಾ? ಅವರಿಗೆ ಸುಗ್ಗಿಯಲ್ಲಿ ಏನು ಕೊಡ್ತಿದ್ರು? ಮನೇಲಿ ಹಿರಿಯರನ್ನ ಕೇಳಿ, ಕೆಳಗೆ ಬರೀರಿ.

#ಕೊಪ್ಪ #ಪಿರಿಯಾಪಟ್ಟಣ #ಕಾವೇರಿ #ತೆಪ್ಪ #ಹರಿಗೋಲು