ಗಣಕಯಂತ್ರದಲ್ಲಿ ಪ್ರಾಣಿಗಳ ನಡೆ: ಒಂದು ಸಮೀಕ್ಷೆ

ಪ್ರಾಣಿಗಳ ಚಲನೆಯನ್ನು ಗಣಕಯಂತ್ರವು ಈಗ ತಾನಾಗಿಯೇ ಕಲಿತುಕೊಳ್ಳುತ್ತದೆ, ಆದುದರಿಂದ ಎಲುಬು ಕೀಲುಗಳ ರಚನೆಯನ್ನಾಗಲಿ ನಡಿಗೆಯ ನಿಯಮಗಳನ್ನಾಗಲಿ ಯಾರೂ ಅಭ್ಯಾಸ ಮಾಡಬೇಕಾದುದಿಲ್ಲ ಎಂಬ ಮಾತು, ಯಾದಗಿರಿ, ಶಹಾಪುರಗಳಿಂದ ಅನಿಮೇಶನ್ ವಿದ್ಯೆಯನ್ನರಸಿ ಬೆಂಗಳೂರಿಗೆ ಹೋಗುವ ತರುಣರ ಬಾಯಲ್ಲಿಯೂ ಈಚೆಗೆ ಕೇಳಿಬರುತ್ತಿದೆ. ಈ ವಿದ್ಯೆ ಬೆಳೆದುಬಂದ ಬಗೆಯನ್ನು ಬಲ್ಲವರು ಇದನ್ನು ಒಪ್ಪಲಾರರು.

1878ರಲ್ಲಿ ಮೈಬ್ರಿಜ್, ಓಡುವ ಕುದುರೆಯ ನಾಲ್ಕು ಗೊರಸುಗಳೂ ಒಂದು ಕ್ಷಣ ನೆಲ ಬಿಟ್ಟಿರುವುದನ್ನು ಛಾಯಾಚಿತ್ರಗಳಿಂದ ಸಾಧಿಸಿ ತೋರಿಸಿದುದೂ, 1942ರ ‘ಬ್ಯಾಂಬಿ’ಗಾಗಿ ಡಿಸ್ನಿಯ ಕಲಾವಿದರು ಜೀವಂತ ಜಿಂಕೆಗಳನ್ನು ನೋಡಿ ಬರೆದುದೂ ಎಲ್ಲರಿಗೆ ತಿಳಿದ ಸಂಗತಿಗಳು. ಆ ಚಿತ್ರದಲ್ಲಿ ದುಡಿದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿಗೆ ಬಂದು ನಮ್ಮವರಿಗೆ ಶಿಕ್ಷಣವಿತ್ತರು. ಜಾತಕಕಥೆಯನ್ನಾಧರಿಸಿದ ‘ದಿ ಬನ್ಯನ್ ಡೀರ್’ ಆ ಶಿಕ್ಷಣದ ಫಲ. ಕೈಬರೆಹವನ್ನು ಬಿಟ್ಟು, ನಡೆಯನ್ನೇ ಸಮೀಕರಣಗಳಲ್ಲಿ ಹಿಡಿದವರು ಮಾಸ್ಕೋದ ನಿಕೊಲಾಯ್ ಕಾನ್‌ಸ್ತಾಂತಿನೋವ್ ಮತ್ತು ಸಂಗಡಿಗರು. 1968ರಲ್ಲಿ ಬೆಸ್ಮ್-4 ಎಂಬ ಗಣಕಯಂತ್ರ ಅವಕಲ ಸಮೀಕರಣಗಳನ್ನು ಬಿಡಿಸುತ್ತ ಒಂದು ಬೆಕ್ಕನ್ನು ನಡೆಯಿಸಿತು. ಅಕ್ಷರಗಳಲ್ಲಿ ಅಚ್ಚಾದ ಆ ಬೆಕ್ಕಿಗೆ ಸಲ್ಲಬೇಕಾದ ಗೌರವ ಇಂದಿಗೂ ಸಂದಿಲ್ಲ.

ನಮ್ಮ ಪೀಳಿಗೆಯವರು ಗುರುಗಳೆಂದು ಭಾವಿಸಿದವರು ಅನಂತರ ಬಂದರು. 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಪ್ರಕಟಿಸಿದ ಪ್ರಬಂಧದ ತಿರುಳು ಇಷ್ಟೇ: ಪ್ರತಿಯೊಂದು ಹಕ್ಕಿಯೂ ನೆರೆಯ ಹಕ್ಕಿಗಳಿಗೆ ತಗುಲದಂತೆ ಅಂತರ ಕಾಯಬೇಕು, ಅವುಗಳ ವೇಗಕ್ಕೂ ದಿಕ್ಕಿಗೂ ತನ್ನದನ್ನು ಹೊಂದಿಸಿಕೊಳ್ಳಬೇಕು, ಅವುಗಳ ನಡುವಣ ಸ್ಥಾನದ ಕಡೆಗೆ ಸರಿಯಬೇಕು, ಈ ಮೂರು ನಿಯಮಗಳು ಪಾಲಿತವಾದರೆ ನಾಯಕನಿಲ್ಲದೆಯೇ ಹಿಂಡು ಹುಟ್ಟುತ್ತದೆ. 1992ರ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದ ಬಾವಲಿಗಳು ಈ ಸೂತ್ರದಿಂದಲೇ ಹಾರಿದವು. 1991ರಲ್ಲಿ ಮಾರ್ಕ್ ರೈಬರ್ಟ್ ಮತ್ತು ಜೆಸಿಕಾ ಹಾಜಿನ್ಸ್, ಜಿಗಿಯುವ ಯಂತ್ರಗಳ ಅನುಭವವನ್ನು ಚಿತ್ರಕ್ಕೆ ತಂದು, ನೆಗೆತದ ಎತ್ತರ, ಮುನ್ನಡೆಯ ವೇಗ, ಮೈಯ ಸಮತೋಲ ಎಂಬ ಮೂರನ್ನು ಬೇರೆಬೇರೆಯಾಗಿ ನಿಯಂತ್ರಿಸಿ ಕಾಂಗರೂವಿನಂಥ ಆಕೃತಿಯನ್ನು ಕುಣಿಸಿದರು. 1994ರಲ್ಲಿ ಶಿಯಾವೋಯುವಾನ್ ತು ಮತ್ತು ಡಿಮಿಟ್ರಿ ಟರ್ಜೊಪೌಲಸ್ ರಚಿಸಿದ ಕೃತಕ ಮತ್ಸ್ಯಗಳಾದರೋ ನಿಯಮಗಳಿಂದಲೇ ನಡೆಯನ್ನು ಹುಟ್ಟಿಸುವ ಈ ಪಂಥದ ಶಿಖರವೆಂದೇ ನನ್ನ ದೃಢವಾದ ಅಭಿಪ್ರಾಯ: ಮಾಂಸಖಂಡಗಳು ಸಂಕೋಚಿಸಿದಂತೆ ಬಾಲ ಬೀಸುವುದು, ಬಾಲ ಬೀಸಿದಂತೆ ನೀರು ಹಿಂದೊತ್ತಿ ಮೀನು ಮುಂದೆ ಸಾಗುವುದು, ಅದಕ್ಕೆ ಹಸಿವುಂಟು, ಭಯವುಂಟು, ಕಣ್ಣಿಗೆ ಬಿದ್ದುದನ್ನು ಅರಿತು ಮುಂದಿನ ಕಾರ್ಯವನ್ನು ಆರಿಸುವ ಶಕ್ತಿಯುಂಟು. ಇವರೆಲ್ಲರೂ ಪ್ರಾಣಿ ಹೇಗೆ ಕಾಣುತ್ತದೆ ಎಂಬುದಕ್ಕಿಂತ ಏಕೆ ಹಾಗೆ ಚಲಿಸುತ್ತದೆ ಎಂಬುದನ್ನು ಕೇಳಿದವರು.

ಬೆಂಗಳೂರಿನ ಸ್ಟುಡಿಯೋಗಳ ಘಟ್ಟ ಬೇರೊಂದು ಜಾತಿಯದು. 2016ರ ‘ದಿ ಜಂಗಲ್ ಬುಕ್’ ಚಿತ್ರದ ಮೃಗಗಳಿಗಾಗಿ ಎಂ.ಪಿ.ಸಿ. ಎಂಬ ದೃಶ್ಯಪರಿಣಾಮಗಳ ಸಂಸ್ಥೆಯ ಬೆಂಗಳೂರು ಶಾಖೆಯೂ ದುಡಿಯಿತು; ವಿಡಿಯೋಗಳನ್ನು ಮತ್ತೆ ಮತ್ತೆ ನೋಡಿ, ಮುಖ್ಯ ಭಂಗಿಗಳನ್ನು ಹಿಡಿದಿಡುವ ಒಂದು ಕೀಫ್ರೇಮಿನಿಂದ ಇನ್ನೊಂದಕ್ಕೆ ಹೆಗಲು ಬೆನ್ನುಗಳ ಭಾರವನ್ನು ತೂಗುವ ಕಲಾವಿದರ ಕೌಶಲವೇ ಅಲ್ಲಿ ಪ್ರಧಾನವಾಗಿತ್ತು. 2025ರ ಆರಂಭದಲ್ಲಿ ಅದರ ಮಾತೃಸಂಸ್ಥೆಯಾದ ಟೆಕ್ನಿಕಲರ್ ಕುಸಿದು ಭಾರತದ ಕೆಲಸವೂ ನಿಂತಾಗ, ಗ್ರಂಥಸ್ಥವಾಗದಿದ್ದ ಆ ಕೌಶಲ ಚೆದರಿಹೋಯಿತು.

ಇನ್ನು ಕಲಿಯುವ ಯಂತ್ರದ ಮಾತು. 2018ರಲ್ಲಿ ಹೀ ಜಾಂಗ್, ಸೆಬಾಸ್ಟಿಯನ್ ಸ್ಟಾರ್ಕೆ ಮೊದಲಾದವರು ನರಜಾಲದಿಂದ ಚತುಷ್ಪಾದಿಯನ್ನು ನಡೆಯಿಸಿ, ಓಡಿಸಿ, ಕುಳ್ಳಿರಿಸಿದುದು ನಿಸ್ಸಂದೇಹವಾಗಿ ದೊಡ್ಡ ಸಾಧನೆ. ಆದರೆ ಆ ಯಂತ್ರ ಕಲಿತುದು ನಾಯಿಯಿಂದ. ಜೀವಂತ ಚಲನೆಯನ್ನು ಅಳೆದು ಹಿಡಿಯುವ ಮೋಷನ್ ಕ್ಯಾಪ್ಚರಿನಲ್ಲಿ ದಾಖಲಾದ ಸುಮಾರು 30 ನಿಮಿಷಗಳ ನಾಯಿಯ ಚಲನೆಯೇ ಅದರ ಪಾಠಪುಸ್ತಕ. 2020ರಲ್ಲಿ ನಾಲ್ಕು ಕಾಲಿನ ರೋಬೋಟಿಗೆ ನಡೆ ಕಲಿಸಿದವರೂ ಆ ನಾಯಿಯ ದಾಖಲೆಯನ್ನೇ ಆಶ್ರಯಿಸಿದರು. ಯಂತ್ರ ತಾನಾಗಿ ಕಲಿಯಿತೆನ್ನುವವರು ಈ ನಾಯಿಯನ್ನು ಮರೆಯುತ್ತಾರೆ.

ನಿಯಮಗಳಿಗೂ ನಾಯಿಯ ದಾಖಲೆಗೂ ಸಿಗದುದನ್ನು ನಮ್ಮ ಸೀಮೆಯ ಪ್ರಾಣಿಗಳಲ್ಲಿಯೇ ಕಾಣಬಹುದು. ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಸಾಲುಗಟ್ಟಿ ಹಾರುತ್ತವೆ; ಮುಂದಿನ ಹಕ್ಕಿಯ ರೆಕ್ಕೆಯ ತುದಿಯಾಚೆ ಮೇಲೇಳುವ ಗಾಳಿ ಹಿಂದಿನದಕ್ಕೆ ಆಸರೆಯಾಗುವುದರಿಂದ ಹುಟ್ಟುವ ಆ ಸಾಲು, ರೆನಾಲ್ಡ್ಸರ ಮೂರು ನಿಯಮಗಳಿಂದಷ್ಟೇ ಮೂಡಲಾರದು. ನಮ್ಮ ಕುರುಬರ ಕುರಿಹಿಂಡಿನಲ್ಲಿ ಎಲ್ಲ ಪ್ರಾಣಿಗಳೂ ಸಮಾನವಲ್ಲ: ಆಡುಗಳು ಮುಂದಾಗುತ್ತವೆ, ಕುಂಟುವುದು ಹಿಂದುಳಿಯುತ್ತದೆ, ಮರಿಯ ದನಿ ಕೇಳಿದ ತಾಯಿ ಹಿಂಡಿನ ಓಟಕ್ಕೆ ಎದುರಾಗಿ ತಿರುಗುತ್ತದೆ. ಎತ್ತಿನ ನಡಿಗೆಯಲ್ಲಿ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂಬ ಕ್ರಮವುಂಟು. ಆದರೆ ಮಳೆಯಲ್ಲಿ ನೆನೆದ ಎರೆಹೊಲದಲ್ಲಿ ಗೊರಸು ಹೂತು, ನೊಗ ಜೊತೆಯ ಎತ್ತಿನ ಕಡೆಗೆ ಎಳೆದಾಗ ಆ ಕ್ರಮದ ಕಾಲಮಾನ ಎಷ್ಟು ಬದಲಾಗುವುದೆಂಬುದನ್ನು ಗಟ್ಟಿ ನೆಲದ ಮೇಲಿನ ನಾಯಿ ಹೇಳಲಾರದು. ಕಾರಹುಣ್ಣಿಮೆಯಂದು ಕರಿ ಹರಿಯುವಾಗ ಜನರ ಕೂಗಿಗೆ ಬೆದರಿ, ಗೋಣು ತಿರುಗಿಸಿ ಒಮ್ಮೆಲೆ ನುಗ್ಗುವ ಎತ್ತನ್ನು ತೆರೆಯ ಮೇಲೆ ತರಬೇಕಾದವನಿಗೆ ಭಯದ ನಿಯಮವೂ ಬೇಕು, ಭಾರದ ನಿಯಮವೂ ಬೇಕು.

ನಮ್ಮ ಪ್ರಾಣಿಗಳ ಚಲನೆಯನ್ನು ದಾಖಲಿಸಿ ಸಂಗ್ರಹಿಸುವುದಕ್ಕೆ ದೊಡ್ಡ ಸ್ಟುಡಿಯೋ ಬೇಕಿಲ್ಲ. ಹೊಲದ ಬದುವಿನಲ್ಲಿ ಅಳತೆ ಹೊಂದಿಸಿ ನಿಲ್ಲಿಸಿದ ನಾಲ್ಕಾರು ಕ್ಯಾಮೆರಾಗಳಿಂದ ಕೀಲುಗಳ ಸ್ಥಾನವನ್ನು ಮೂರು ಆಯಾಮಗಳಲ್ಲಿ ಗುರುತಿಸುವುದು ಇಂದು ಸಾಧ್ಯ. ಅಂಗಾಂಗಗಳ ತೂಕ, ಉದ್ದಗಳ ಅಳತೆಗೆ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವುಂಟು. ಎರೆಮಣ್ಣಿನ ಗುಣವನ್ನು ಹೇಳಲು ಭೀಮರಾಯನಗುಡಿಯ ಕೃಷಿ ಕಾಲೇಜುಂಟು. ಹಿಂಡಿನ ಸ್ವಭಾವವನ್ನು ಹೇಳಲು ಕುರಿ ಕಾಯುವವರುಂಟು. 2012ರಲ್ಲಿಯೇ ಅನಿಮೇಶನ್ ನೀತಿಯನ್ನು ರೂಪಿಸಿದ ಕರ್ನಾಟಕ ಸರ್ಕಾರ, ಬೆಂಗಳೂರಿನಾಚೆಗೆ ವಿನಿಯೋಗಿಸುವ ಹಣದಲ್ಲಿ ಒಂದು ಪಾಲನ್ನು ಇಂಥ ಚಲನಸಂಗ್ರಹಕ್ಕೆ ಮೀಸಲಿಟ್ಟು, ಅದರ ಮೊದಲ ದಾಖಲೆಯನ್ನು ಕೃಷ್ಣಾ ತೀರದ ಎತ್ತಿನಿಂದ ಆರಂಭಿಸಬೇಕು.