ಕನ್ನಡ ಕ್ರಿಯಾಪದಗಳಲ್ಲಿ ಕಾಗುಣಿತ ವ್ಯತ್ಯಾಸ

ಕನ್ನಡದ ಧಾತುಗಳಿಗೆ ಕಾಲಸೂಚಕ ಹಾಗೂ ಆಖ್ಯಾತ ಪ್ರತ್ಯಯಗಳು ಸೇರುವಾಗ ಧಾತುವಿನ ಅಕ್ಷರಗಳಲ್ಲಿ ಉಂಟಾಗುವ ಬದಲಾವಣೆಯನ್ನು ಕ್ರಿಯಾಪದಗಳ ಕಾಗುಣಿತ ವ್ಯತ್ಯಾಸ ಎನ್ನಬಹುದು. ಸ್ಪ್ಯಾನಿಷ್ ಭಾಷೆಯಲ್ಲಿಯೂ ಇಂತಹ ವ್ಯತ್ಯಾಸವಿದೆ, ಆದರೆ ಕಾರಣ ಬೇರೆ. ಅಲ್ಲಿ 'ಹುಡುಕು' ಎಂಬರ್ಥದ 'ಬುಸ್ಕಾರ್' ಧಾತುವಿನ ಭೂತಕಾಲದ 'ಬುಸ್ಕೆ' ರೂಪದಲ್ಲಿ ಕಕಾರದ ಉಚ್ಚಾರಣೆ ಉಳಿಯಲೆಂದೇ ಅಕ್ಷರವನ್ನು ಬದಲಿಸುತ್ತಾರೆ. ಕನ್ನಡದಲ್ಲಿ ಉಚ್ಚಾರಣೆಯೇ ಬದಲಾಗುತ್ತದೆ. ಬರಹ ಅದನ್ನು ಹಿಂಬಾಲಿಸುತ್ತದೆ.

ವರ್ತಮಾನಕಾಲದಲ್ಲಿ ತೊಡಕು ಕಡಿಮೆ. 'ಮಾಡು' ಧಾತುವಿನ ಕೊನೆಯ ಉಕಾರ ಲೋಪವಾಗಿ 'ಮಾಡುತ್ತಾನೆ' ಎಂದಾದರೆ, 'ಬರೆ' ಧಾತುವಿಗೆ ಯಕಾರಾಗಮವಾಗಿ 'ಬರೆಯುತ್ತಾನೆ' ಎಂದಾಗುತ್ತದೆ.

ಭೂತಕಾಲದಲ್ಲಿ ವೈವಿಧ್ಯ ಹೆಚ್ಚು. ಎರಡಕ್ಷರದ ಧಾತುವಿನ ಮೊದಲ ಸ್ವರ ಹ್ರಸ್ವವಾಗಿದ್ದು ಕೊನೆಯಲ್ಲಿ 'ಡು' ಅಥವಾ 'ಗು' ಇದ್ದರೆ ಸಾಮಾನ್ಯವಾಗಿ ದ್ವಿತ್ವ ಬರುತ್ತದೆ: ಕೊಡು–ಕೊಟ್ಟ, ಸುಡು–ಸುಟ್ಟ, ನಗು–ನಕ್ಕ, ಸಿಗು–ಸಿಕ್ಕ. ಮೊದಲ ಸ್ವರ ದೀರ್ಘವಾದರೆ ಓಡಿದ, ಹಾಡಿದ, ಕೂಗಿದ ಎಂದೇ ಉಳಿಯುತ್ತದೆ. 'ಹೋಗು', 'ಆಗು' ಮಾತ್ರ ಗಕಾರವನ್ನೇ ಕಳೆದುಕೊಂಡು 'ಹೋದ', 'ಆದ' ಎನಿಸುತ್ತವೆ. ಬರು–ಬಂದ, ತರು–ತಂದ ರೂಪಗಳಲ್ಲಿ ರಕಾರದ ಜಾಗಕ್ಕೆ ಅನುಸ್ವಾರ ಬರುತ್ತದೆ. ನಿಲ್ಲು–ನಿಂತ, ಕೊಲ್ಲು–ಕೊಂದ, ಗೆಲ್ಲು–ಗೆದ್ದ ಇವು ಒಂದೇ ಬಗೆಯ ಧಾತುಗಳಾಗಿದ್ದರೂ ಮೂರು ದಾರಿ ಹಿಡಿದಿವೆ. ಇವನ್ನು ರೂಢಿಯಿಂದಲೇ ಕಲಿಯಬೇಕು.

ಕೆಲವು ರೂಪಗಳ ಕಾರಣ ಹಳಗನ್ನಡದಲ್ಲಿ ಸಿಗುತ್ತದೆ. 'ಬೀಳು', 'ಏಳು' ಎಂಬುವು ಹಿಂದೆ 'ಬೀೞ್', 'ಏೞ್' ಆಗಿದ್ದವು. ಭೂತಕಾಲದಲ್ಲಿ ದೀರ್ಘವು ಹ್ರಸ್ವವಾಗಿ 'ಬಿೞ್ದು', 'ಎೞ್ದು' ಎಂದಾಗಿ, ಮುಂದೆ ೞಕಾರವು ದಕಾರದಲ್ಲಿ ಬೆರೆತು 'ಬಿದ್ದು', 'ಎದ್ದು' ಎಂದಾಯಿತು. ಇದರಿಂದ ನಿಘಂಟು ನೋಡುವವರಿಗೂ ಒಂದು ಅನುಕೂಲವಿದೆ: 'ಬಿದ್ದ' ಎಂಬುದರ ಅರ್ಥವನ್ನು 'ಬೀಳು' ಎಂಬಲ್ಲಿ ಹುಡುಕಬೇಕೆಂದು ತಿಳಿಯುತ್ತದೆ.

ವಿದ್ಯಾರ್ಥಿಗಳ ಬರವಣಿಗೆಯಲ್ಲಿ ಹೆಚ್ಚು ತಪ್ಪುಗಳಾಗುವುದು ಇಂತಹ ವಿಲಕ್ಷಣ ರೂಪಗಳಲ್ಲಲ್ಲ, ಸರಳವೆನಿಸುವ ಇಕಾರಾಂತ, ಎಕಾರಾಂತ ಧಾತುಗಳಲ್ಲಿ. ದಾವಣಗೆರೆ, ಹರಿಹರದ ಕಡೆಯ ಆಡುಮಾತಿನಲ್ಲಿ 'ಮನೆ' 'ಮನಿ'ಯಾಗುವಂತೆ 'ಬರೆ' 'ಬರಿ'ಯಾಗುವುದುಂಟು. ಮಾತಿನಲ್ಲಿ ಸಂದರ್ಭವೇ ಅರ್ಥ ತಿಳಿಸುತ್ತದೆ; ಬರಹದಲ್ಲಿ ಒಂದು ಸ್ವರಚಿಹ್ನೆ ಅರ್ಥವನ್ನೇ ಬದಲಿಸುತ್ತದೆ. 'ಅಳೆದ' ಎಂದರೆ ಅಳತೆ ಮಾಡಿದ, 'ಅಳಿದ' ಎಂದರೆ ನಾಶವಾದ. 'ಕಲಿತವರು' ವಿದ್ಯಾವಂತರು, 'ಕಲೆತವರು' ಒಟ್ಟುಗೂಡಿದವರು. ಎತ್ವವನ್ನು ಬಿಟ್ಟರೂ ಅಪಾಯವೇ: 'ಬರೆದ ಪತ್ರ' ಕೈಯಲ್ಲಿರುತ್ತದೆ, 'ಬರದ ಪತ್ರ' ಬಂದೇ ಇರುವುದಿಲ್ಲ.