ಫಿಶರ್ ಸೀಲೆಂಟ್‌ಗಳ ಬಾಳಿಕೆ: ಬಂಧನ ವಿಧಾನಗಳ ಒಂದು ಪರಿಶೀಲನೆ

ಆರನೆಯ ವಯಸ್ಸಿನ ಹೊತ್ತಿಗೆ ಮೂಡುವ ಮೊದಲ ಶಾಶ್ವತ ದವಡೆ ಹಲ್ಲಿನ ಸೀಳುಗಳು ಬ್ರಷ್ಷಿನ ಎಳೆಯೂ ಇಳಿಯಲಾರದಷ್ಟು ಕಿರಿದು. ಹುಳುಕು ಹೆಚ್ಚಾಗಿ ಬೇರೂರುವುದೂ ಅಲ್ಲಿಯೇ. ಅವನ್ನು ರೆಸಿನ್‌ನಿಂದ ಮುಚ್ಚುವ ಲೇಪವೇ ಫಿಶರ್ ಸೀಲೆಂಟ್. ಅದರ ಆಯುಸ್ಸನ್ನು ನಿರ್ಧರಿಸುವುದು ಮುಚ್ಚುವ ವಸ್ತುವಿಗಿಂತ ಹೆಚ್ಚಾಗಿ ಎನಾಮೆಲ್‌ನ ಸಿದ್ಧತೆ. ಹೊಸ ಅಂಟುಗಳು ಆ ಸಿದ್ಧತೆಗೆ ಪೂರಕವಾಗಬಲ್ಲವು, ಬದಲಿಯಾಗಲಾರವು ಎಂಬುದು ಇಲ್ಲಿನ ವಾದ.

ಫಾಸ್ಪಾರಿಕ್ ಆಮ್ಲ ಸವರಿದ ಎನಾಮೆಲ್‌ಗೆ ರೆಸಿನ್ ಗಟ್ಟಿಯಾಗಿ ಹಿಡಿಯುತ್ತದೆ ಎಂದು ಮೈಕೆಲ್ ಬುವೊನೊಕೋರ್ 1955ರಲ್ಲಿ ತೋರಿಸಿದರು. ಅವರು ಬಳಸಿದ್ದು ಶೇ. 85ರ ಆಮ್ಲ; ಇಂದಿನ ರೂಢಿ ಸುಮಾರು ಶೇ. 37ರದು, 15ರಿಂದ 30 ಸೆಕೆಂಡು. ಆಮ್ಲ ಖನಿಜವನ್ನು ಕರಗಿಸಿ ಸೂಕ್ಷ್ಮ ರಂಧ್ರಗಳನ್ನು ತೆರೆಯುತ್ತದೆ. ರೆಸಿನ್ ಅವುಗಳೊಳಗೆ ಬೇರಿಳಿಸಿ ಗಟ್ಟಿಯಾಗುತ್ತದೆ. ಈ ಸರಳ ವಿಧಾನಕ್ಕೇ ಎಷ್ಟು ಕಸುವಿದೆಯೆಂಬುದಕ್ಕೆ ಸೈಮನ್‌ಸನ್ ಅವರ 1991ರ ವರದಿ ಸಾಕ್ಷಿ: ಒಮ್ಮೆ ಮಾತ್ರ ಹಚ್ಚಿದ ಸೀಲೆಂಟ್ 15 ವರ್ಷಗಳ ಬಳಿಕ ಶೇ. 27.6ರಷ್ಟು ಹಲ್ಲುಗಳಲ್ಲಿ ಪೂರ್ತಿಯಾಗಿ, ಶೇ. 35.4ರಷ್ಟರಲ್ಲಿ ಭಾಗಶಃ ಉಳಿದಿತ್ತು. ಇದರ ವೈರಿ ಎಂಜಲು. ಆಮ್ಲ ತೊಳೆದ ಮೇಲೆ ಜೊಲ್ಲು ತಾಕಿದರೆ ಅದರ ಪ್ರೋಟೀನ್ ಪೊರೆ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಬಾಂಡಿಂಗ್ ಏಜೆಂಟ್ ನೆರವಿಗೆ ಬರುವುದು ಇಲ್ಲಿಯೇ: ನೀರಿಗೆ ಒಗ್ಗುವ ಅದರ ತೆಳು ದ್ರವ ತುಸು ಒದ್ದೆಯಾದ ರಂಧ್ರಕ್ಕೂ ಇಳಿಯಬಲ್ಲದು. ಫೀಗಲ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ 5 ವರ್ಷಗಳ ಪ್ರಯೋಗದಲ್ಲಿ, ಆಮ್ಲದ ನಂತರ ಹಚ್ಚಿದ ಒಂದೇ ಬಾಟಲಿಯ ಬಾಂಡಿಂಗ್ ಏಜೆಂಟ್ ಅಗಿಯುವ ಮೇಲ್ಮೈಯಲ್ಲಿ ಸೀಲೆಂಟ್ ಸೋಲುವ ಸಂಭವವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿತು.

ಹಾಗಾದರೆ ಆಮ್ಲವನ್ನೂ ಅಂಟನ್ನೂ ಬೆರೆಸಿದ ಸೆಲ್ಫ್ ಎಚ್ ದ್ರವವೇ ಸಾಲದೇ? ತೊಳೆಯುವ ಹಂತ ತಪ್ಪಿದರೆ ಚಡಪಡಿಸುವ ಮಗುವಿನ ಬಾಯಲ್ಲಿ ಎಂಜಲಿಗೂ ಅವಕಾಶ ಕಡಿಮೆಯಲ್ಲವೇ? ವಾದ ಸಮಂಜಸವೇ, ಆದರೆ ಎನಾಮೆಲ್ ಅದನ್ನು ಒಪ್ಪುವುದಿಲ್ಲ. ಡ್ರಿಲ್ ತಾಕದ ಎನಾಮೆಲ್‌ನ ಹೊರಪದರ ಹೆಚ್ಚು ಖನಿಜಭರಿತ, ಹಲವೆಡೆ ಪ್ರಿಸ್ಮ್ ರಚನೆಯೇ ಇಲ್ಲದ್ದು. ಫಾಸ್ಪಾರಿಕ್ ಆಮ್ಲಕ್ಕಿಂತ ಎಷ್ಟೋ ಸೌಮ್ಯವಾದ ಸೆಲ್ಫ್ ಎಚ್ ಅದನ್ನು ಆಳವಾಗಿ ತೆರೆಯಲಾರದು. ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆಗಳಲ್ಲೂ ಅದರ ಬಾಳಿಕೆ ಹಿಂದುಳಿದಿದೆ. ಕೋಲಾರ, ರಾಯಚೂರಿನಂತೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಕಡೆ ಫ್ಲೋರೋಸಿಸ್ ಆದ ಹಲ್ಲಿನ ಹೊರಪದರ ಆಮ್ಲಕ್ಕೆ ಇನ್ನಷ್ಟು ಜಗ್ಗದು. ಅಲ್ಲಿ ಸೌಮ್ಯ ಆಮ್ಲವನ್ನು ನಂಬುವುದು ಮತ್ತೂ ಕಷ್ಟ.

ಬಾಳಿಕೆಯೇ ಸರಿಯಾದ ಅಳತೆಯಲ್ಲ ಎಂಬುದು ಇನ್ನೊಂದು ಆಕ್ಷೇಪ: ರೆಸಿನ್ ಬದಲು ಸೀಳು ಮುಚ್ಚಲು ಬಳಸುವ ಗ್ಲಾಸ್ ಅಯಾನಮರ್ ಬೇಗ ಉದುರಿದರೂ ಫ್ಲೋರೈಡ್ ಬಿಡುತ್ತದೆ, ಹುಳುಕನ್ನು ತಡೆಯುವುದರಲ್ಲಿ ರೆಸಿನ್‌ಗಿಂತ ಅದು ಕೀಳೆಂದು ಖಚಿತವಾಗಿ ಸಾಬೀತಾಗಿಲ್ಲ. ಇದು ನಿಜ, ಅರ್ಧ ಮೂಡಿದ, ಒಣಗಿಸಲಾಗದ ಹಲ್ಲಿಗೆ ಅದೇ ತಕ್ಕದ್ದು. ಆದರೆ ರೆಸಿನ್‌ನ ರಕ್ಷಣೆ ಅದು ಅಂಟಿಕೊಂಡಿರುವವರೆಗೆ ಮಾತ್ರ. ಆದ್ದರಿಂದ ರೆಸಿನ್ ಆರಿಸಿದವರು ಸಮಯ ಉಳಿಸಬೇಕಾದರೆ ಬೇರೆಲ್ಲಾದರೂ ಉಳಿಸಲಿ. ಆಮ್ಲದ ಆ ಅರ್ಧ ನಿಮಿಷದಲ್ಲಿ ಅಲ್ಲ.